ನತ್ಥು ಎಲ್ಲಿ ಹೋದ?

ಭೀಷ್ಮ ಸಾಹನಿಯವರ ಹಿಂದಿ ಕಾದಂಬರಿ 'ತಮಸ್' ಓದಿದವರ ನತ್ಥು ಒಬ್ಬ. 1988ರಲ್ಲಿ ದೂರದರ್ಶನದಲ್ಲಿ ಬಂದ ಗೋವಿಂದ ನಿಹಲಾನಿಯವರ 'ತಮಸ್' ನೋಡಿದವರ ನತ್ಥು ಇನ್ನೊಬ್ಬ.

ಕಥೆ ಶುರುವಾಗುವುದು ಒಂದು ಹಂದಿಯಿಂದ. ಚರ್ಮ ಸುಲಿಯುವ ಕಸುಬಿನ ನತ್ಥುವಿನ ಕೈಗೆ ಮುರಾದ್ ಅಲಿ ಐದು ರೂಪಾಯಿಯ ನೋಟು ಕೊಟ್ಟು, ಪಶುವೈದ್ಯರಿಗೆ ಬೇಕೆಂದು ಹೇಳಿ ಹಂದಿ ಕೊಲ್ಲಿಸುತ್ತಾನೆ. ಬೆಳಗಾದರೆ ಅದು ಮಸೀದಿಯ ಮೆಟ್ಟಿಲ ಮೇಲೆ! ಊರಿಗೆ ಬೆಂಕಿ ಬೀಳುತ್ತದೆ. ತಾನು ಯಾವುದಕ್ಕೆ ಕೈಯಾದೆನೆಂದು ತಿಳಿದ ನತ್ಥು ಒಳಗೊಳಗೇ ಬೇಯುತ್ತಾನೆ.

ಇಲ್ಲಿಂದ ಎರಡು ದಾರಿ. ಕಾದಂಬರಿ ನತ್ಥುವನ್ನು ಬಿಟ್ಟು ಹಳ್ಳಿಗಳಿಗೆ, ಗುರುದ್ವಾರಕ್ಕೆ, ಇಂಗ್ಲಿಷ್ ಅಧಿಕಾರಿಯ ಬಂಗಲೆಗೆ ಹೋಗುತ್ತದೆ. ಅವನ ಸಾವನ್ನು ನಾವು ಕಾಣುವುದೇ ಇಲ್ಲ. ಕೊನೆಗೆ ಶಾಂತಿ ಸಮಿತಿಯ ಬಸ್ಸು ಹೊರಡುವಾಗ ಘೋಷಣೆ ಕೂಗುತ್ತಿರುವವನು ಅದೇ ಮುರಾದ್ ಅಲಿ. ಅವನನ್ನು ಗುರುತಿಸಬಲ್ಲ ನತ್ಥು ಆಗ ಬದುಕಿಲ್ಲ.

ನಿಹಲಾನಿ ನತ್ಥುವನ್ನು ಬಿಡಲು ಒಪ್ಪಲಿಲ್ಲ. ಓಂ ಪುರಿಯ ಆ ಮುಖ, ತುಂಬು ಗರ್ಭಿಣಿ ಹೆಂಡತಿಯಾಗಿ ದೀಪಾ ಸಾಹಿ. ಊರು ಬಿಟ್ಟು ಅಲೆಯುವ ಈ ಸಂಸಾರವೇ ಧಾರಾವಾಹಿಯ ಎಳೆ. ಹರ್ನಾಮ್ ಸಿಂಗನ ಪಾತ್ರ ಮಾಡಿದವರು ಸ್ವತಃ ಸಾಹನಿ. ಆದ್ದರಿಂದ ಈ ಬದಲಾವಣೆಯನ್ನು ಮೂಲಕ್ಕೆ ಬಗೆದ ದ್ರೋಹವೆಂದು ಸುಲಭವಾಗಿ ಹೇಳುವಂತಿಲ್ಲ.

ಹಾಗಾದರೆ ಯಾವುದು ಹೆಚ್ಚು ಸತ್ಯ?

ಧಾರಾವಾಹಿಯ ಕರುಣೆ ದೊಡ್ಡದು. ಗಲಭೆಯ ಲೆಕ್ಕದಲ್ಲಿ ಬರೀ ಒಂದು ಅಂಕಿಯಾಗುವವನಿಗೆ ಅದು ಹೆಸರು, ಮನೆ, ಕಣ್ಣೀರು ಕೊಟ್ಟಿತು. ಪ್ರಸಾರ ನಿಲ್ಲಿಸಬೇಕೆಂದು ಕೆಲವರು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟೂ ಸುಪ್ರೀಂ ಕೋರ್ಟೂ ಅದಕ್ಕೆ ಒಪ್ಪಲಿಲ್ಲ. ನತ್ಥುವಿನ ಜೊತೆ ಅತ್ತವರು ಇನ್ನೊಬ್ಬರ ಮನೆಗೆ ಬೆಂಕಿ ಇಡಲು ಹೊರಡುವುದು ಕಷ್ಟ.

ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. ಪಶ್ಚಾತ್ತಾಪ ಪಡುವವನು ಕಣ್ಣೆದುರೇ ಇದ್ದರೆ ನಮಗೆ ಒಂದು ಬಗೆಯ ನೆಮ್ಮದಿ. ಪಾಪಕ್ಕೆ ಒಬ್ಬ ವಾರಸುದಾರ ಸಿಕ್ಕನಲ್ಲ! ಆದರೆ ಬೇಯುತ್ತಿರುವ ಜಮೀರ್ ಯಾರದು? ಐದು ರೂಪಾಯಿ ತೆಗೆದುಕೊಂಡವನದು. ಕೊಟ್ಟವನಿಗೆ, ಎಲ್ಲ ಗೊತ್ತಿದ್ದೂ ಕೈಕಟ್ಟಿ ಕೂತ ಸರಕಾರಕ್ಕೆ ಅದರ ಗೊಡವೆಯಿಲ್ಲ. ಬಡವನ ಪಶ್ಚಾತ್ತಾಪ ಎಷ್ಟೇ ನಿಜವಾದರೂ ಅದು ಉಳಿದವರ ಲೆಕ್ಕ ತೀರಿಸುವುದಿಲ್ಲ. ಕಾದಂಬರಿ ಆ ನೆಮ್ಮದಿಯನ್ನು ನಮಗೆ ಕೊಡುವುದಿಲ್ಲ. ಬಳಸಿ ಬಿಸಾಡಿದವನು ಪುಟಗಳಿಂದಲೂ ಕಾಣೆಯಾಗುತ್ತಾನೆ. ಬಳಸಿದವನು ಬಸ್ಸು ಹತ್ತಿ ಶಾಂತಿಯ ಮಾತಾಡುತ್ತಾನೆ.

1970ರ ಗಲಭೆಯ ನಂತರ ಭಿವಂಡಿಗೆ ಹೋಗಿದ್ದ ಸಾಹನಿಯವರಿಗೆ ಅಲ್ಲಿನ ಸುಟ್ಟ ಮನೆಗಳನ್ನು ಕಂಡಾಗ ತಮ್ಮೂರು ರಾವಲ್ಪಿಂಡಿ ನೆನಪಾಯಿತು. 'ತಮಸ್' ಹುಟ್ಟಿದ್ದು ಆ ನೆನಪಿನಿಂದ. ಇಪ್ಪತ್ಮೂರು ವರ್ಷಗಳ ಅಂತರ, ಬೇರೆ ಊರು, ಅದೇ ಬೂದಿ. ನತ್ಥುಗಳು ಸಾಯುತ್ತಾರೆ, ಬಸ್ಸು ಮಾತ್ರ ಮತ್ತೆ ಮತ್ತೆ ಹೊರಡುತ್ತದೆ.

ನತ್ಥುವಿಗಾಗಿ ಅಳುವುದನ್ನು ಧಾರಾವಾಹಿಯಿಂದ ಕಲಿಯೋಣ. ಅತ್ತ ಮೇಲೆ ಕಣ್ಣೊರೆಸಿಕೊಂಡು ಬಸ್ಸಿನಲ್ಲಿ ಕೂತವರು ಯಾರೆಂದು ನೋಡಬೇಕು; ಅದಕ್ಕೆ ಕಾದಂಬರಿ ಬೇಕು.