ಜರಡಿಯಲ್ಲಿ ಉಳಿದ ಕಾಗದ

ಅಡುಗೆಮನೆಯಲ್ಲಿ ನಮಗೆ ಮೊರವೂ ಬೇಕು, ಜರಡಿಯೂ ಬೇಕು. ಮೊರ ಜೊಳ್ಳನ್ನು ಹಾರಿಸಿ ಕಾಳನ್ನು ಉಳಿಸಿಕೊಳ್ಳುತ್ತದೆ. ಜರಡಿ ಹಿಟ್ಟನ್ನು ಕೆಳಗೆ ಬಿಟ್ಟು ತೌಡನ್ನು ಹಿಡಿದುಕೊಳ್ಳುತ್ತದೆ. ಯಾವುದನ್ನು ಬಳಸಿದರೂ ಚೆಲ್ಲುವ ಮುಂಚೆ ಒಮ್ಮೆ ಕೈಯಾಡಿಸಿ ನೋಡಬೇಕು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಐವತ್ತು ದಾಟಿದ ಮೇಲೆ ಆ ಮಾತು ನನಗೆ ಇ-ಮೇಲ್ ವಿಷಯದಲ್ಲಿ ನೆನಪಾಗಬೇಕಾಯಿತು.

ನಾನು ಹಲಸೂರಿನ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವಳು, ಮನೆ ಕೆ.ಆರ್. ಪುರದಲ್ಲಿ. ಕಳೆದ ವರ್ಷ ಒಂದು ಶನಿವಾರ, ಶಾಲೆ ಮುಗಿಸಿಕೊಂಡು ಇಂದಿರಾನಗರದ ಮಗಳ ಮನೆಗೆ ಹೋಗಿದ್ದೆ. “ಅಮ್ಮಾ, ನಿನ್ನ ಮೇಲ್‌ನಲ್ಲಿ ಸ್ಪ್ಯಾಮ್ ಅಂತ ಇದೆಯಲ್ಲ, ಅದನ್ನ ಯಾವತ್ತಾದ್ರೂ ತೆಗೆದು ನೋಡಿದ್ದೀಯಾ?” ಎಂದಳು. “ಕಸದ ಬುಟ್ಟೀನ ಯಾರಾದ್ರೂ ಕೆದಕ್ತಾರೇನೇ?” ಎಂದೆ. ಅವಳೇ ತೆಗೆದಳು. ಲಾಟರಿ, ಸಾಲ, ಬೊಜ್ಜು ಕರಗಿಸುವ ಪುಡಿ, ಇವುಗಳ ನಡುವೆ ನನ್ನ ಹಳೆಯ ವಿದ್ಯಾರ್ಥಿನಿಯ ಕಾಗದವೊಂದು ಕುಳಿತಿತ್ತು.

ಶಿವಾಜಿನಗರದ ಹುಡುಗಿ. ತಂದೆಗೆ ರಸೆಲ್ ಮಾರ್ಕೆಟ್ ಹತ್ತಿರ ಸಣ್ಣ ವ್ಯಾಪಾರ. ಮನೆಯಲ್ಲಿ ಉರ್ದು ಆಡಿಕೊಂಡು ಬೆಳೆದರೂ ಕನ್ನಡದಲ್ಲಿ ತರಗತಿಗೇ ಮೊದಲು ಬರುತ್ತಿದ್ದವಳು. ಮುಂದೆ ಓದಲು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಅದಕ್ಕೆ ಕಲಿಸಿದ ಶಿಕ್ಷಕರೊಬ್ಬರ ಶಿಫಾರಸು ಪತ್ರ ಬೇಕಿತ್ತು. “ಅರ್ಜೆಂಟ್, ದಯವಿಟ್ಟು ಸಹಾಯ ಮಾಡಿ” ಎಂಬ ತಲೆಬರಹ, ಜೊತೆಗೊಂದು ಫಾರಂ. ಕಾಗದ ಬಂದು 23 ದಿನವಾಗಿತ್ತು. ಕೊನೆಯ ದಿನಾಂಕ ಕಳೆದು ನಾಲ್ಕು ದಿನ. ನನ್ನ ಪೆಟ್ಟಿಗೆಯಲ್ಲಿ ಆ ಬುಟ್ಟಿ 30 ದಿನಕ್ಕೆ ತಾನಾಗಿಯೇ ಖಾಲಿಯಾಗುತ್ತದೆ. ಇನ್ನೊಂದು ವಾರ ಬಿಟ್ಟಿದ್ದರೆ ಅವಳು ಬರೆದಿದ್ದಳೆಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಆಗಲೇ ಫೋನ್ ಮಾಡಿದೆ. “ಪರವಾಗಿಲ್ಲ ಬಿಡಿ ಮಿಸ್. ನಿಮಗೆ ಇಷ್ಟ ಇಲ್ಲವೇನೋ, ಮತ್ತೆ ಮತ್ತೆ ಕೇಳೋದು ಸರಿಯಲ್ಲ ಅಂತ ಸುಮ್ಮನಾದೆ” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ತಪ್ಪು ಯಂತ್ರದ್ದು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಈ ಜರಡಿಯ ಕೆಲಸ ಹೇಗೆಂದು ಅಳಿಯನಿಂದ ತಿಳಿದ ಮೇಲೆ ಅದೂ ಸಾಧ್ಯವಾಗಲಿಲ್ಲ. ಕಳಿಸಿದವರ ವಿಳಾಸ ನಿಜವೇ ಎಂದು ಅದು ನೋಡುತ್ತದೆ. ಲಗತ್ತಿನಲ್ಲಿ ವೈರಸ್ ಇದೆಯೇ ಎಂದು ಹುಡುಕುತ್ತದೆ. ಯಾವ ಮಾತುಗಳು ಕಸದ ಕಾಗದಗಳಲ್ಲಿ ಹೆಚ್ಚು, ಯಾವುವು ಒಳ್ಳೆಯ ಕಾಗದಗಳಲ್ಲಿ ಹೆಚ್ಚು ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಅದು ಕಲಿಯುವುದು ನಾವು ‘ಸ್ಪ್ಯಾಮ್’ ಎಂದು ಗುರುತು ಹಾಕಿದ್ದನ್ನು ನೋಡಿಯೇ. ಅದಕ್ಕೂ ಕೆಲವು ತಿಂಗಳ ಹಿಂದೆ ನಮ್ಮ ಸಹೋದ್ಯೋಗಿಯೊಬ್ಬರು ಇಂಥದೇ “ಅರ್ಜೆಂಟ್, ಸಹಾಯ ಮಾಡಿ” ಎಂಬ ಸುಳ್ಳು ಕಾಗದ ನಂಬಿ ಹಣ ಕಳೆದುಕೊಂಡಿದ್ದರು. ಅಂದಿನಿಂದ ನಾನು ಆ ಮಾತು ಕಂಡದ್ದನ್ನೆಲ್ಲ ಓದದೆಯೇ ಗುರುತು ಹಾಕಿ ಕಳಿಸುತ್ತಿದ್ದೆ. ಹುಡುಗಿಯ ಕಾಗದ ನಿಂತದ್ದು ಅದೊಂದೇ ಕಾರಣಕ್ಕೆ ಎನ್ನಲಾರೆ. ಆದರೆ ಸಂಶಯದ ಪಾಠ ಹೇಳಿಕೊಟ್ಟವರಲ್ಲಿ ನಾನೂ ಒಬ್ಬಳು.

ಹಾಗೆಂದು ಬಾಗಿಲನ್ನು ಹಾರುಹೊಡೆದಿಡಲಾದೀತೇ? ಬೆಂಗಳೂರಿನಲ್ಲಿ ಓದಿದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರಲ್ಲಿ ಹಾಟ್‌ಮೇಲ್ ಆರಂಭಿಸಿ, ಕಾಸು ಕೊಡದೆ ಯಾರು ಬೇಕಾದರೂ ಅಂಚೆಪೆಟ್ಟಿಗೆ ಇಟ್ಟುಕೊಳ್ಳುವಂತೆ ಮಾಡಿದರು. ಖರ್ಚಿಲ್ಲದ ದಾರಿಯಲ್ಲಿ ಸಜ್ಜನರಷ್ಟೇ ಬರುವುದಿಲ್ಲವಲ್ಲ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ತಲೆಬರಹದ ಕಾಗದವೊಂದು ಫಿಲಿಪೀನ್ಸ್‌ನಿಂದ ಹೊರಟು ಲೋಕ ಸುತ್ತಿತು. ಪ್ರೇಮಪತ್ರವೆಂದು ಲಗತ್ತನ್ನು ತೆರೆದವರ ಕಡತಗಳು ಹಾಳಾದವು. ಅಷ್ಟೇ ಅಲ್ಲ, ಅವರ ವಿಳಾಸದ ಪಟ್ಟಿಯಲ್ಲಿದ್ದವರಿಗೆಲ್ಲ ಅವರ ಹೆಸರಿನಲ್ಲೇ ಅದೇ ಕಾಗದ ಹೋಯಿತು. ಅಂದರೆ ಪರಿಚಿತರ ಹೆಸರು ಕಂಡಾಕ್ಷಣ ನಂಬುವಂತಿಲ್ಲ. ಅಪರಿಚಿತ ವಿಳಾಸವೆಂದು ದೂಡುವಂತೆಯೂ ಇಲ್ಲ.

ಹಾಗಾದರೆ ಯಾವ ತಪ್ಪು ದೊಡ್ಡದು? ಕಸವನ್ನು ಒಳಗೆ ಬಿಡುವುದೋ, ಕಾಳನ್ನು ಹೊರಗೆ ಎಸೆಯುವುದೋ? ಪಾಲ್ ಗ್ರಹಾಂ ಎಂಬ ಕಂಪ್ಯೂಟರ್ ತಜ್ಞರು 2002ರಲ್ಲಿ ಈ ಮಾತುಗಳ ಲೆಕ್ಕದ ಜರಡಿಯ ಬಗ್ಗೆ ಬರೆದಾಗ, ಒಳ್ಳೆಯ ಕಾಗದ ತಪ್ಪುವುದೇ ಹೆಚ್ಚಿನ ಕೆಡುಕು ಎಂದಿದ್ದರು. ಅವರು ಯೋಚಿಸಿದ್ದು ಕಾಗದ ಪಡೆಯುವವರ ನಷ್ಟವನ್ನು. ನನ್ನನ್ನು ಕಾಡಿದ್ದು ಬರೆದವರ ನಷ್ಟ. ಲಾಟರಿಯ ಕಾಗದ ಒಳಗೆ ಬಂದರೆ ನನಗೆ ಒಂದು ಕ್ಷಣದ ಕಿರಿಕಿರಿ. ಹುಡುಗಿಯ ಕಾಗದ ಹೊರಗುಳಿದರೆ ಅವಳಿಗೆ ಒಂದು ವರ್ಷ. ನೆಮ್ಮದಿ ನನ್ನದು, ಬೆಲೆ ತೆತ್ತವಳು ಅವಳು. ತೆರುತ್ತಿದ್ದೇನೆಂದು ಅವಳಿಗೂ ಗೊತ್ತಿಲ್ಲ, ತೆರಿಸುತ್ತಿದ್ದೇನೆಂದು ನನಗೂ ಗೊತ್ತಿಲ್ಲ. ಇದನ್ನು ನ್ಯಾಯವೆನ್ನಲು ಮನಸ್ಸು ಒಪ್ಪುವುದಿಲ್ಲ. ವೈರಸ್ಸಿನ ಮಾತು ಬೇರೆ. ಅದನ್ನು ಒಳಗೆ ಬಿಟ್ಟರೆ ನನ್ನ ಮೂಲಕ ಹತ್ತು ಜನಕ್ಕೆ ತೊಂದರೆ. ಅಲ್ಲಿ ಔದಾರ್ಯ ತೋರಿಸುವ ಹಕ್ಕು ನನಗಿಲ್ಲ.

ತರಗತಿಯಲ್ಲೂ ಇದೇ ತಪ್ಪು ಮಾಡಿದ್ದೇನೆ. ಹೋಂವರ್ಕ್ ಮಾಡದೆ ದಿನಕ್ಕೊಂದು ಸುಳ್ಳು ಹೇಳುತ್ತಿದ್ದ ಹುಡುಗನೊಬ್ಬನಿದ್ದ. ಒಂದು ದಿನ “ಅಮ್ಮ ಬೌರಿಂಗ್ ಆಸ್ಪತ್ರೇಲಿದ್ದಾರೆ ಮಿಸ್” ಎಂದ. ನಾನು ನಗುತ್ತಲೇ ಹೊರಗೆ ನಿಲ್ಲಿಸಿದೆ. ಮಾತು ನಿಜವಾಗಿತ್ತು. ಹಿಂದಿನ ಇಪ್ಪತ್ತು ಸುಳ್ಳುಗಳ ಲೆಕ್ಕದಲ್ಲಿ ನನ್ನ ಸಂಶಯ ಸರಿಯೇ ಇರಬಹುದು. ಆದರೆ ಅಂದು ನನ್ನೆದುರು ನಿಂತಿದ್ದದ್ದು ಲೆಕ್ಕವಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡ ಮಗು. ಯಂತ್ರಕ್ಕೆ ಲೆಕ್ಕವಷ್ಟೇ ಗೊತ್ತು. ನನಗೆ ಕೇಳಿ ನೋಡುವ ಬಾಯಿಯಿತ್ತು, ಕೇಳಲಿಲ್ಲ.

ಈಗ ಪ್ರತಿ ಶನಿವಾರ ಅಕ್ಕಿ ಆರಿಸಿದಂತೆ ಆ ಬುಟ್ಟಿಯನ್ನು ಕೈಯಾಡಿಸುತ್ತೇನೆ. ಗುರುತಿಲ್ಲದ ಲಗತ್ತನ್ನು ಮುಟ್ಟುವುದಿಲ್ಲ. ಕಳಿಸಿದವರು ಯಾರು, ಏನು ಬೇಕು ಎಂದು ಮಾತ್ರ ಓದುತ್ತೇನೆ. ಗೊತ್ತಿರುವವರಂತೆ ಕಂಡರೆ ಫೋನ್ ಮಾಡಿ ವಿಚಾರಿಸುತ್ತೇನೆ. ಹತ್ತು ನಿಮಿಷದ ಕೆಲಸ. ಬಹಳ ವಾರ ಏನೂ ಸಿಗುವುದಿಲ್ಲ.

ಹುಡುಗಿ ಈ ಸಲ ಮತ್ತೆ ಅರ್ಜಿ ಹಾಕುತ್ತಾಳಂತೆ. ನನ್ನನ್ನು ಇನ್ನೂ ಕೇಳಿಲ್ಲ. ಕೇಳಲು ಸಂಕೋಚವಿರಬಹುದು. ನಾನೇ ಶಿಫಾರಸು ಪತ್ರ ಬರೆದಿಟ್ಟಿದ್ದೇನೆ. ಈ ಭಾನುವಾರ ಶಿವಾಜಿನಗರಕ್ಕೆ ಹೋಗಿ ಅವಳ ಕೈಗೇ ಕೊಟ್ಟು ಬರಬೇಕು.