ಪೀಡೆ ಎಂಬ ಮಾತು

ರೋಹಿಣಿ ಮಳೆ ಬಿದ್ದು ವಾರವಾಗಿತ್ತು. ಉತ್ತರ ಕನ್ನಡದ ಒಂದು ಸಾಗುವಾನಿ ನೆಡುತೋಪಿನಲ್ಲಿ ನಿಂತಿದ್ದಾಗ ಜಿನುಗು ಮಳೆಯ ಸದ್ದು ಕೇಳಿಸಿತು. ಮೇಲೆ ನೋಡಿದರೆ ಮೋಡವಿರಲಿಲ್ಲ. ಜೊತೆಗಿದ್ದ ಅರಣ್ಯ ರಕ್ಷಕರು ನಕ್ಕರು. “ಮಳೆ ಅಲ್ರೀ, ಹುಳದ ಹಿಕ್ಕಿ.” ಅಂಗೈ ಚಾಚಿದೆ. ಸಾಸಿವೆಗಿಂತ ಸಣ್ಣ ಕಪ್ಪು ಕಾಳುಗಳು ಉದುರಿದವು. ತಲೆಯ ಮೇಲೆ ಎಣಿಸಲಾಗದಷ್ಟು ಹುಳಗಳು ಚಿಗುರು ಮೇಯುತ್ತಿದ್ದವು. “ವರ್ಷಾ ಇದೊಂದು ಪೀಡೆ” ಎಂದರು ಅವರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಪೀಡೆ ಎನ್ನುವುದು ನಮ್ಮಲ್ಲಿ ದೆವ್ವಕ್ಕೂ ಸಲ್ಲುತ್ತದೆ, ಶನಿಗೂ ಸಲ್ಲುತ್ತದೆ, ಬೇಡದ ನೆಂಟರಿಗೂ ಸಲ್ಲುತ್ತದೆ. ಕೀಟಶಾಸ್ತ್ರದ ಪುಸ್ತಕದಲ್ಲಿ ಅದು ತಣ್ಣನೆಯ ಪಾರಿಭಾಷಿಕ ಪದ. ಆದರೂ ಪದದೊಳಗಿನ ಆರೋಪ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಪೀಡಿಸುವವನು ಒಬ್ಬನಿದ್ದಾನೆ, ಪೀಡೆಗೊಳಗಾದವರು ನಾವು, ಎಂದು ಅದು ಮೊದಲೇ ತೀರ್ಪು ಕೊಟ್ಟುಬಿಟ್ಟಿರುತ್ತದೆ.

ಈ ಹುಳದ ಶಾಸ್ತ್ರೀಯ ಹೆಸರು ಹಿಬ್ಲಿಯಾ ಪ್ಯೂರಾ. ಒಂದು ಹೆಣ್ಣು ಪತಂಗ ಸುಮಾರು 500 ಮೊಟ್ಟೆಗಳನ್ನಿಡುತ್ತದೆ, ಅದೂ ಎಳೆಯ ಎಲೆಗಳ ಮೇಲೆ. ಮೊಟ್ಟೆಯಿಂದ ಪತಂಗದವರೆಗಿನ ಬದುಕು ಮೂರು ವಾರಗಳ ಆಸುಪಾಸಿನದು. ಮುಂಗಾರಿಗೆ ಮುಂಚಿನ ಮೊದಲ ಮಳೆಗಳು ಬಿದ್ದು ಬೋಳು ಸಾಗುವಾನಿ ಚಿಗುರೊಡೆಯುವುದಕ್ಕೂ ಪತಂಗಗಳು ಹಿಂಡಾಗಿ ಬರುವುದಕ್ಕೂ ಸರಿಹೊಂದಬೇಕು. ಎಲೆ ಬಲಿತು ಒರಟಾದರೆ ಮರಿಹುಳದ ಬಾಯಿಗೆ ಅದು ಒಗ್ಗುವುದಿಲ್ಲ. ಮರಿ ಮೊದಲೇ ಬಂದರೆ ಉಪವಾಸ, ತಡವಾಗಿ ಬಂದರೂ ಉಪವಾಸ.

ಕೀಟ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಹೊರಗಿನ ಶಾಖವೇ ಅದರ ಶಾಖ. ಹಾಗಾಗಿ ಅದರ ಬೆಳವಣಿಗೆಯನ್ನು ವಿಜ್ಞಾನಿಗಳು ಬರಿಯ ದಿನಗಳಲ್ಲಿ ಎಣಿಸುವುದಿಲ್ಲ, ದಿನದಿನವೂ ಒಟ್ಟುಗೂಡಿದ ಶಾಖದಲ್ಲಿ ಲೆಕ್ಕ ಹಾಕುತ್ತಾರೆ. ಇಷ್ಟು ಶಾಖ ಸೇರಿದರೆ ಮೊಟ್ಟೆ ಒಡೆಯಿತು, ಇನ್ನಿಷ್ಟು ಸೇರಿದರೆ ಕೋಶ ಕಟ್ಟಿತು. ಹವೆ ತುಸು ಬೆಚ್ಚಗಾದರೆ ಇದೇ ಲೆಕ್ಕ ಬೇಗ ತುಂಬುತ್ತದೆ, ಒಂದು ಋತುವಿನಲ್ಲಿ ಇನ್ನೊಂದು ಪೀಳಿಗೆಗೆ ಜಾಗವಾಗಬಹುದು. ಬಿಸಿ ಏರಿದಷ್ಟೂ ಹುಳ ಹೆಚ್ಚುತ್ತದೆ ಎಂದೂ ಅಲ್ಲ. ಒಂದು ಮಿತಿ ದಾಟಿದರೆ ಅದೇ ಶಾಖ ಮೊಟ್ಟೆಯನ್ನು ಒಣಗಿಸುತ್ತದೆ, ಪತಂಗವನ್ನು ಬಂಜೆಯಾಗಿಸುತ್ತದೆ.

ಈಗ ನಷ್ಟದ ಲೆಕ್ಕ. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ, ಮಲಬಾರಿನ ಕಲೆಕ್ಟರ್ ಕಾನಲಿಯ ಕಾಲಕ್ಕೆ, ಸಾಗುವಾನಿಯನ್ನು ಸಾಲಾಗಿ ನೆಡಲು ಶುರುಮಾಡಿದರು. ಕಾಡಿನಲ್ಲಿ ನೂರಾರು ಜಾತಿಯ ಮರಗಳ ನಡುವೆ ಚದುರಿದ್ದ ಊಟ ಅಲ್ಲಿ ಒಂದೇ ಪಂಕ್ತಿಯಲ್ಲಿ ಬಡಿಸಿಟ್ಟಂತಾಯಿತು. ಅದೇ ನಿಲಂಬೂರಿನ ಎಳೆಯ ತೋಪಿನಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಡೆಸಿದ ಅಧ್ಯಯನದ ಪ್ರಕಾರ, ಈ ಹುಳದಿಂದಾಗಿ ಮರ ಬೆಳೆಯಬಹುದಾಗಿದ್ದ ಗಾತ್ರದಲ್ಲಿ ಶೇಕಡಾ 44ರಷ್ಟು ಖೋತಾ. ‘ಬೆಳೆಯಬಹುದಾಗಿದ್ದ’ ಎಂಬ ಮಾತನ್ನು ಗಮನಿಸಿ. ಮರ ಸಾಯುವುದು ಅಪರೂಪ, ಮತ್ತೆ ಚಿಗುರುತ್ತದೆ. ಕಳೆದುಹೋದದ್ದು ಎಂದೂ ಇರದಿದ್ದ ಮರಮಟ್ಟು. ಇನ್ನು ಜಾವಾ ದ್ವೀಪದ ಸಾಗುವಾನಿ ಸೀಮೆಯಲ್ಲಿ ಇದೇ ಹುಳ ನೆಲಕ್ಕಿಳಿದು ಕೋಶ ಕಟ್ಟಿದಾಗ ಜನ ಬುಟ್ಟಿ ಹಿಡಿದು ಹೋಗುತ್ತಾರೆ, ಆಯ್ದು ತಂದು ಹುರಿದು ತಿನ್ನುತ್ತಾರೆ. ನಮ್ಮ ಪೀಡೆ ಅವರಿಗೆ ಮಳೆಗಾಲದ ಮೊದಲ ರುಚಿ.

ಇಷ್ಟಕ್ಕೇ ನಿಲ್ಲಿಸಿ, “ಪೀಡೆ ಎನ್ನುವುದೆಲ್ಲ ಮನುಷ್ಯನ ಕಲ್ಪನೆ” ಎಂದುಬಿಡುವುದು ಸುಲಭ. ಗೆಳೆಯರ ಚರ್ಚೆಗಳಲ್ಲಿ ನಾನೂ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದುಂಟು. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕಥೆ ಓದಿದ ಮೇಲೆ ಆ ಧೈರ್ಯ ಉಳಿದಿಲ್ಲ. ಅಲ್ಲಿನ ಪೈನ್ ಮರಗಳ ತೊಗಟೆಯಡಿ ಅಕ್ಕಿಕಾಳಿನಷ್ಟು ದೊಡ್ಡ ದುಂಬಿಯೊಂದು ಸಾವಿರಾರು ವರ್ಷಗಳಿಂದಲೂ ಇತ್ತು. ಮೈನಸ್ 40 ಡಿಗ್ರಿಯ ಚಳಿ ಕೆಲವು ದಿನ ಬಿಡದೆ ಹಿಡಿದರೆ ಅದರ ಮರಿಗಳು ಸಾಯುತ್ತಿದ್ದವು. ಅಂಥ ಚಳಿಗಾಲಗಳು ಅಪರೂಪವಾದವು. ಎತ್ತರದ ಜಾಗಗಳಲ್ಲಿ ಎರಡು ವರ್ಷ ಹಿಡಿಯುತ್ತಿದ್ದ ಜೀವನಚಕ್ರ ಬೆಚ್ಚಗಾದೆಡೆ ಒಂದೇ ವರ್ಷಕ್ಕೆ ಮುಗಿಯತೊಡಗಿತು. ಕಾಳ್ಗಿಚ್ಚನ್ನು ದಶಕಗಳ ಕಾಲ ಆರಿಸುತ್ತ ಬಂದದ್ದರಿಂದ ದುಂಬಿಗೆ ಬೇಕಾದ ಮುದಿ ಮರಗಳೂ ದಂಡಿಯಾಗಿದ್ದವು. 1990ರ ದಶಕದ ಕೊನೆಯಿಂದ ಹಬ್ಬಿದ ಈ ಹಾವಳಿಗೆ ಸಿಕ್ಕಿದ್ದು ಸುಮಾರು 1.8 ಕೋಟಿ ಹೆಕ್ಟೇರ್ ಕಾಡು, ಹೆಚ್ಚುಕಡಿಮೆ ಕರ್ನಾಟಕದಷ್ಟು ವಿಸ್ತೀರ್ಣ. ಅಲ್ಲಿ ಮರ ಮತ್ತೆ ಚಿಗುರುವುದಿಲ್ಲ, ನಿಂತಲ್ಲೇ ಕೆಂಪಾಗಿ ಸಾಯುತ್ತದೆ. ಸತ್ತ ಮರಗಳು ಕೊಳೆಯುತ್ತ ಇಂಗಾಲವನ್ನು ಗಾಳಿಗೇ ಮರಳಿಸುತ್ತವೆ. ಇದನ್ನು ಕಲ್ಪನೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಾಗಾದರೆ ಇದು ಯಾರ ಕೃತ್ಯ?

ದುಂಬಿಗೆ ಸಂಕಲ್ಪವಿಲ್ಲ, ಸರಿ. ನಮಗೂ ಇರಲಿಲ್ಲವಲ್ಲ! ಕಲ್ಲಿದ್ದಲು ಉರಿಸಿದವರು, ಕಾರು ಓಡಿಸಿದವರು ಯಾರೂ ಪೈನ್ ಕಾಡು ಸಾಯಲಿ ಎಂದು ಬಯಸಲಿಲ್ಲ. ಇಲ್ಲಿ ನನಗೆ ನೆರವಾಗುವುದು ಜೈನರ ವಿಚಾರ. ಗೃಹಸ್ಥನ ಹಿಂಸೆಯಲ್ಲಿ ಅವರು ನಾಲ್ಕು ಬಗೆ ಹೇಳುತ್ತಾರೆ: ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆ, ಅಡಿಗೆ ಕಸಗುಡಿಸುವಿಕೆಗಳಲ್ಲಿ ಆಗುವ ಆರಂಭಿ, ಜೀವನೋಪಾಯದಲ್ಲಿ ಆಗುವ ಉದ್ಯೋಗಿ, ಎದುರಿಸುವಾಗ ಆಗುವ ವಿರೋಧಿ. ಮೊದಲನೆಯದನ್ನು ಗೃಹಸ್ಥ ಬಿಡಲೇಬೇಕು, ಉಳಿದವುಗಳಲ್ಲಿ ಎಚ್ಚರವಿರಬೇಕು. ಹವೆ ಕೆಡಿಸಿದ ನಮ್ಮ ಪಾಪವನ್ನು ಉದ್ಯೋಗಿ ಹಿಂಸೆಯ ಖಾತೆಗೆ ಬರೆದು ನಿಟ್ಟುಸಿರು ಬಿಡಬಹುದೇ? ಬಿಡಲಾಗದು. ಹಿಂಸೆಯನ್ನು ವಿವರಿಸುವಾಗ ಅವರು ಪ್ರಮಾದವನ್ನೇ, ಎಂದರೆ ಎಚ್ಚರಗೇಡಿತನವನ್ನೇ, ಮುಖ್ಯವಾಗಿ ಹಿಡಿಯುತ್ತಾರೆ. ಗೊತ್ತಾದ ಮೇಲೂ ನೋಡದೆ ನಡೆದರೆ ‘ಬೇಕೆಂದು ಮಾಡಲಿಲ್ಲ’ ಎಂಬುದು ಉತ್ತರವಾಗುವುದಿಲ್ಲ. ಒಂದೇ ತೊಡಕು. ಮುನಿಗಳು ಹುಳ ತುಳಿಯದಂತೆ ಮುಂದಿನ ಕೆಲವು ಮೊಳ ನೆಲ ನೋಡಿ ನಡೆಯುತ್ತಾರೆ. ನಮ್ಮ ಹೆಜ್ಜೆ ಬೀಳುವುದು ಇಲ್ಲಿ, ಮರ ಒಣಗುವುದು ಇಪ್ಪತ್ತು ವರ್ಷದಾಚೆ ಇನ್ನೊಂದು ಖಂಡದಲ್ಲಿ. ಅಷ್ಟು ದೂರ ನೋಡುವ ಕಣ್ಣನ್ನು ಯಾವ ಧರ್ಮವೂ ನಮಗೆ ಅಭ್ಯಾಸ ಮಾಡಿಸಿಲ್ಲ. ವಿಜ್ಞಾನವೇನೋ ತೋರಿಸುತ್ತಿದೆ, ಆದರೆ ತೋರಿಸುವುದು ಒಂದು, ನಡೆಯುವುದು ಇನ್ನೊಂದು.

ಸಾಗುವಾನಿ ಹುಳಕ್ಕೆ ಈಗ ವಿಷದ ಬದಲು ಒಂದು ವೈರಸ್ಸಿನ ಪ್ರಯೋಗವಾಗಿದೆ. ಹುಳಗಳಲ್ಲೇ ಸಹಜವಾಗಿರುವ ಸೋಂಕನ್ನು ಬೆಳೆಸಿ ಸಿಂಪಡಿಸುತ್ತಾರೆ. ರಾಸಾಯನಿಕದಂತೆ ಜೇನಿಗೂ ಹಕ್ಕಿಗೂ ತಟ್ಟುವುದಿಲ್ಲ. ಹುಳ ಮಾತ್ರ ಒಳಗೊಳಗೇ ಕರಗಿ ನೀರಾಗುತ್ತದೆ. ವಿಧಾನ ಮೇಲು, ಒಪ್ಪುತ್ತೇನೆ. ಆದರೆ ಹೇಗೆ ಕೊಲ್ಲಬೇಕು ಎಂದು ಇಷ್ಟು ಮುತುವರ್ಜಿಯಿಂದ ಯೋಚಿಸುವ ನಾವು, ಏನನ್ನು ನೆಡಬೇಕು, ಎಷ್ಟು ಉರಿಸಬೇಕು ಎಂಬ ಪ್ರಶ್ನೆಗೆ ಅದರ ಅರ್ಧದಷ್ಟು ಶ್ರದ್ಧೆಯನ್ನೂ ಕೊಡುವುದಿಲ್ಲ.

ತೋಪಿನಿಂದ ಹೊರಬರುವಾಗ ನೂಲಿನಲ್ಲಿ ಇಳಿಬಿದ್ದ ಹುಳವೊಂದು ನನ್ನ ತೋಳಿಗೆ ಅಂಟಿತ್ತು. ಮಾತಿನ ಭರದಲ್ಲಿ ಒರೆಸಿಬಿಟ್ಟೆ, ಅಂಗಿಯ ಮೇಲೆ ಹಸಿರು ಕಲೆ ಉಳಿಯಿತು. ರಕ್ಷಕರ ಭುಜದ ಮೇಲೂ ಒಂದಿತ್ತು. ಅವರು ಅದನ್ನು ಚಿಟಿಕೆಯಲ್ಲಿ ಹಿಡಿದು ಪಕ್ಕದ ಗಿಡದ ಮೇಲೆ ಬಿಟ್ಟರು. ಮರಗಳು ಮತ್ತೆ ಯಾವಾಗ ಚಿಗುರುತ್ತವೆ ಎಂದು ಕೇಳಿದೆ. “ಚಿಗುರ್ತಾವ್ರೀ” ಎಂದವರು ಮೋಡವಿಲ್ಲದ ಆಕಾಶ ನೋಡಿದರು, “ಮಿರಗದ ಮಳಿ ಬರಬೇಕಷ್ಟ.”