ಹೆಮ್ಮೆ ನಮ್ಮದು, ಉಳಿದದ್ದು ಯಾರದು?

ಡಿಸೆಂಬರ್ ಕೊನೆಗೆ ಪತ್ರಿಕೆಗಳಲ್ಲಿ ವರ್ಷದ ಹಿನ್ನೋಟ ಬರುತ್ತದೆ. ರಾಜಕೀಯಕ್ಕೊಂದು ಪುಟ, ಕ್ರೀಡೆಗೊಂದು, ಅಗಲಿದವರಿಗೊಂದು. ಮಂಗಳೂರಿನ ಮಟ್ಟಿಗೆ ಇಂಥ ಪುಟಗಳಿಗೆ ಜಗ್ಗದ ವರ್ಷವೆಂದರೆ 2020. ದೇಶವೇ ತಿರುಗಿ ನೋಡುವ ಸುದ್ದಿಗಳು ಮೊದಲ ನಾಲ್ಕು ತಿಂಗಳಲ್ಲೇ ಇಲ್ಲಿಂದ ಒಂದರ ಹಿಂದೊಂದು ಹೊರಟವು. ಅವುಗಳಲ್ಲಿ ಯಾವುದನ್ನು ಊರು ತನ್ನದೆಂದು ಇಟ್ಟುಕೊಂಡಿತು, ಯಾವುದನ್ನು ಸದ್ದಿಲ್ಲದೆ ಬಿಟ್ಟುಕೊಟ್ಟಿತು ಎಂಬುದೇ ನನ್ನನ್ನು ಕಾಡುವ ವಿಷಯ.

ಜನವರಿ 20ರಂದು ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಚೀಲ ಸಿಕ್ಕಿತು. ಇಟ್ಟವನು ಯಾವ ಧರ್ಮದವನೆಂದು ಪೊಲೀಸರಿಗಿಂತ ಮೊದಲೇ ವಾಟ್ಸ್‌ಆ್ಯಪ್ ಗುಂಪುಗಳು ತೀರ್ಮಾನಿಸಿಬಿಟ್ಟಿದ್ದವು. ಎರಡು ದಿನ ಕಳೆದು ಬೆಂಗಳೂರಿನಲ್ಲಿ ಶರಣಾದವನು ಮಣಿಪಾಲದ ಕಡೆಯವನು, ಇಂಜಿನಿಯರಿಂಗ್ ಓದಿದವನು. ಹೆಸರು ಯಾರ ಊಹೆಗೂ ಹೊಂದಲಿಲ್ಲ. ಕೂಡಲೇ ಮಾತಿನ ಧಾಟಿ ಬದಲಾಯಿತು. ಪಾಪ, ಕೆಲಸ ಸಿಗಲಿಲ್ಲವಂತೆ, ತಲೆ ಕೆಟ್ಟಿತ್ತಂತೆ. ಮತ್ತೆ ಮೂರೇ ದಿನಕ್ಕೆ ಪದ್ಮಶ್ರೀ ಪಟ್ಟಿ ಬಂತು. ಬುಟ್ಟಿಯಲ್ಲಿ ಕಿತ್ತಳೆ ಮಾರಿ ನ್ಯೂಪಡ್ಪುವಿನಲ್ಲಿ ಶಾಲೆ ಎಬ್ಬಿಸಿದ ಹರೇಕಳ ಹಾಜಬ್ಬರ ಹೆಸರು ಅದರಲ್ಲಿತ್ತು. ಅವರ ಚಿತ್ರವನ್ನು ನಾವೆಲ್ಲ ಹಂಚಿಕೊಂಡೆವು, ನಮ್ಮೂರಿನವರು ನೋಡಿ ಎಂದೆವು. ಒಂದೇ ವಾರದೊಳಗೆ ಇವೆರಡೂ ನಡೆದವು. ನಡುವೆ ಒಂದು ಕ್ಷಣ ನಿಂತು ಯೋಚಿಸಿದವರು ಎಷ್ಟು ಮಂದಿಯೋ.

ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರ್‌ಗೆ 9.55 ಎಂದರು, ಬೋಲ್ಟ್‌ನ ದಾಖಲೆ 9.58. ಅಷ್ಟೇ ಸಾಕಾಯಿತು. ಕೇಂದ್ರ ಕ್ರೀಡಾ ಸಚಿವರು ಓಟದ ಪರೀಕ್ಷೆಗೆ ಕರೆದರು. ಕೆಸರಿನಲ್ಲಿ ಓಡುವ ತನ್ನನ್ನು ವಿಶ್ವ ಚಾಂಪಿಯನ್‌ಗೆ ಹೋಲಿಸಬೇಡಿ, ಓಟದ ಯಶಸ್ಸು ಕೋಣಗಳದ್ದೂ ಹೌದು ಎಂಬರ್ಥದಲ್ಲಿ ಗೌಡರು ಹೇಳಿದರೆ ಕೇಳುವವರಿಲ್ಲ. ಕಂಬಳ ಬಲ್ಲವರಿಗೆ ಅದರಲ್ಲಿ ವಿನಯಕ್ಕಿಂತ ಹೆಚ್ಚಾಗಿ ಸತ್ಯವೇ ಕಂಡಿತ್ತು. ಎರಡು ವಾರದಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಇನ್ನೂ ವೇಗವಾಗಿ ಓಡಿದರು.

ಆಮೇಲೆ ಲಾಕ್‌ಡೌನ್. ಅದರ ಗದ್ದಲದಲ್ಲೇ ಏಪ್ರಿಲ್ 1ಕ್ಕೆ ಇಲ್ಲೇ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಕೆನರಾದೊಳಗೆ ಕರಗಿಹೋದವು. ಬೇರೆ ವರ್ಷವಾಗಿದ್ದರೆ ಈ ಕರಾವಳಿ ಅದಕ್ಕೊಂದು ತಿಥಿಯೂಟವನ್ನಾದರೂ ಹಾಕುತ್ತಿತ್ತು!

ನಾನು ನಿಂತು ನೋಡಬೇಕೆನ್ನುವುದು ಕೇರಳ ಗಡಿಯ ತಲಪಾಡಿಯನ್ನು. ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿಯಿತು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ. ಡಯಾಲಿಸಿಸ್, ಹೃದ್ರೋಗ, ಹೆರಿಗೆ, ಎಲ್ಲಕ್ಕೂ ದೇರಳಕಟ್ಟೆ, ಕಂಕನಾಡಿಯ ಆಸ್ಪತ್ರೆಗಳೇ. 1956ರ ನವೆಂಬರ್ 1ರವರೆಗೆ ಎರಡೂ ಕಡೆ ಒಂದೇ ಜಿಲ್ಲೆಯಾಗಿತ್ತು. ಆಸ್ಪತ್ರೆಯ ದಾರಿ ಆ ಮೇಲೂ ಬದಲಾಗಲಿಲ್ಲ. ಗಡಿಯಲ್ಲಿ ಆಂಬುಲೆನ್ಸ್‌ಗಳು ಹಿಂದೆ ತಿರುಗಿದವು, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ದಾರಿ ತೆರವು ಮಾಡಿಸಿ ಎಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಿತು, ಕರ್ನಾಟಕ ಸುಪ್ರೀಂ ಕೋರ್ಟ್‌ಗೆ ಹೋಯಿತು. ತಪಾಸಣೆಯ ಷರತ್ತಿನ ಮೇಲೆ ರೋಗಿಗಳನ್ನು ಬಿಡುವ ಮಾತು ಅಲ್ಲಿ ಇತ್ಯರ್ಥವಾದದ್ದು ಏಪ್ರಿಲ್ 7ರಂದು.

ಭಯ ಸುಳ್ಳಾಗಿರಲಿಲ್ಲ. ಕಾಸರಗೋಡಿನಲ್ಲಿ ಆಗ ಸೋಂಕು ಜೋರಾಗಿತ್ತು, ಇಲ್ಲಿಯೂ ಹಾಸಿಗೆಗಳು ಎಣಿಕೆಯವೇ. ಆದರೆ ಪ್ರತಿ ರಾಜ್ಯೋತ್ಸವಕ್ಕೆ ವೇದಿಕೆ ಹತ್ತಿ ಕಾಸರಗೋಡು ಕನ್ನಡದ ಮಣ್ಣು ಎನ್ನುತ್ತಾ ಬಂದವರು, ಮಹಾಜನ ವರದಿ ಗಡಿಯೆಂದ ಚಂದ್ರಗಿರಿ ಹೊಳೆಯನ್ನು ಬೆರಳಿಟ್ಟು ತೋರಿಸುವವರು, ಆ ಮಣ್ಣಿನ ರೋಗಿ ತಲಪಾಡಿಯಲ್ಲಿ ಕಾದಿದ್ದಾಗ ಎಲ್ಲಿದ್ದರು? ಕೆಲವರು ದನಿ ಎತ್ತಿದರು, ನಿಜ. ಹೆಚ್ಚಿನವರು ಅದು ಸರ್ಕಾರದ ತೀರ್ಮಾನ ಎಂದರು. ಹಾಜಬ್ಬರ ಶಾಲೆ ಕಟ್ಟುವುದರಲ್ಲೂ ನಮ್ಮಲ್ಲಿ ಹೆಚ್ಚಿನವರ ಪಾಲೇನೂ ಇರಲಿಲ್ಲ, ಆ ಹೆಮ್ಮೆಯನ್ನು ಮಾತ್ರ ಸರ್ಕಾರಕ್ಕೆ ಬಿಟ್ಟುಕೊಡಲಿಲ್ಲ.

ಸರ್ಕಾರದ ಮೇಲೆ ಹಾಕಲಾಗದ ಒಂದು ಸಂಗತಿಯೂ ಅದೇ ತಿಂಗಳು ನಡೆಯಿತು. ವೆನ್ಲಾಕ್ ಆಸ್ಪತ್ರೆಯಲ್ಲಿ ಕೊರೊನಾದಿಂದ ತೀರಿಕೊಂಡ ವೃದ್ಧೆಯೊಬ್ಬರ ದಹನಕ್ಕೆ ಪಚ್ಚನಾಡಿಯಲ್ಲಿ ಜನ ಅಡ್ಡ ನಿಂತರು. ಇಲ್ಲಿ ಬೇಡ ಎಂದರು. ಕೊನೆಗೆ ಶವ ಬಂಟ್ವಾಳಕ್ಕೆ ಹೋಯಿತು. ಅಲ್ಲಿಯೂ ವಿರೋಧ ಎದ್ದಿತು, ರಾತ್ರಿ ಹೊತ್ತಿನಲ್ಲಿ ಅಂತ್ಯಕ್ರಿಯೆ ಮುಗಿಯಿತು. ಅಡ್ಡ ನಿಂತವರು ಕ್ರೂರಿಗಳೇನಲ್ಲ. ಪಕ್ಕದ ಮನೆಯಲ್ಲಿ ಸಾವಾದರೆ ಒಲೆ ಹಚ್ಚದೆ ಕೂರುವವರು, ಕಟ್ಟಿಗೆ ಒಡೆಯಲು ಮೊದಲು ಓಡುವವರು ಅವರೇ. ಅಂಥವರನ್ನೂ ಹೆದರಿಕೆ ಏನು ಮಾಡಿತೆಂಬುದನ್ನು ತಿಳಿಯಲು ನಾವು ದಿಲ್ಲಿ, ಬೆಂಗಳೂರಿನ ಸುದ್ದಿ ಓದಬೇಕಿಲ್ಲ.

ಮುಂದಿನ ತಿಂಗಳುಗಳಲ್ಲಿ ಪಿಪಿಇ ಕಿಟ್ ತೊಟ್ಟು, ಮನೆಯವರೂ ಹತ್ತಿರ ಬರಲಾಗದ ಶವಗಳಿಗೆ ಹೆಗಲು ಕೊಟ್ಟ ಯುವಕರು ಈ ಜಿಲ್ಲೆಯಲ್ಲೇ ಹುಟ್ಟಿಕೊಂಡರು. ಹಾಜಬ್ಬರ, ಗೌಡರ ಹೆಸರು ಉಳಿದಂತೆ ಅವರ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ಉಳಿಯುವುದು ಕಷ್ಟವೇ. ಅವರು ಯಾಕೆ ಬೇಕಾದರು ಎಂದು ಮಗು ಕೇಳಿದರೆ ಪಚ್ಚನಾಡಿಯ ಕತೆಯನ್ನೂ ಹೇಳಬೇಕಾಗುತ್ತದಲ್ಲ.